ಗೋಡೆಯಾಚೆಯ ವ್ಯಾಕರಣ

ಮುಂಬಯಿ ಇಲಾಖೆಗೆ ಸೇರಿದ್ದ ವಿಜಾಪುರ ಜಿಲ್ಲೆಯಲ್ಲಿ, ಒಂದು ಹೈಸ್ಕೂಲಿನ ಎರಡು ಕೋಣೆಗಳ ನಡುವೆ ಒಂದು ಗೋಡೆಯಿದ್ದಿತು. ಆ ಕಾಲದ ಮ್ಯಾಟ್ರಿಕ್ ಪರೀಕ್ಷೆಗೆ ಕುಳಿತುಕೊಳ್ಳುವ ವಿದ್ಯಾರ್ಥಿಯು ಇಂಗ್ಲಿಷಿನೊಡನೆ ಒಂದು ಪ್ರಾಚೀನ ಭಾಷೆಯನ್ನೂ ಆರಿಸಿಕೊಳ್ಳುವ ರೂಢಿಯಿದ್ದುದರಿಂದ, ಸಂಸ್ಕೃತವನ್ನು ಆರಿಸಿದವನು ಗೋಡೆಯ ಈಚೆಗೂ ಫಾರಸಿಯನ್ನು ಆರಿಸಿದವನು ಗೋಡೆಯ ಆಚೆಗೂ ಕುಳಿತುಕೊಳ್ಳುತ್ತಿದ್ದನು. ಈಚೆಯ ಕೋಣೆಯಲ್ಲಿ ಶಾಸ್ತ್ರಿಗಳು. ಆಚೆಯ ಕೋಣೆಯಲ್ಲಿ ಮುನ್ಶಿಗಳು. ಇಬ್ಬರೂ ಇಪ್ಪತ್ತಾರು ವರ್ಷ ಒಂದೇ ಗಂಟೆಗೆ ಒಳಹೊಕ್ಕು ಒಂದೇ ಗಂಟೆಗೆ ಹೊರಬಂದವರು. ಪಡಸಾಲೆಯಲ್ಲಿ ಎದುರಾದಾಗ ಒಬ್ಬರು ಕೈಮುಗಿಯುತ್ತಿದ್ದರು, ಇನ್ನೊಬ್ಬರು ಆದಾಬು ಹೇಳುತ್ತಿದ್ದರು. ಅದರಾಚೆಗೆ ಮಾತು ಬೆಳೆದುದಿಲ್ಲ.

ಈಚೆಯ ಹುಡುಗರು “ಭರತಿ, ಭರತಃ, ಭರಂತಿ” ಎಂದು ಉರುಹಚ್ಚುವ ವೇಳೆಗೆ ಆಚೆಯ ಹುಡುಗರು “ಬರದ್, ಬರಂದ್” ಎಂದು ಕೂಗುತ್ತಿದ್ದರು. ಇದೂ ಕ್ರಿಯಾಪದವೇ, ಇದರ ಅರ್ಥವೂ ‘ಹೊರುತ್ತಾನೆ, ಹೊರುತ್ತಾರೆ’ ಎಂಬುದೇ ಎಂದು ಶಾಸ್ತ್ರಿಗಳಿಗೆ ಒಮ್ಮೆಯೂ ಹೊಳೆಯಲಿಲ್ಲ. ಪಾಠಶಾಲೆಯಲ್ಲಿ ಕೌಮುದಿಯನ್ನು ಕಲಿಸಿದ ಗುರುಗಳು, ಕಂಠಕ್ಕೆ ಪ್ರಾಣ ಬಂದರೂ ಯಾವನೀ ಭಾಷೆಯನ್ನು ಆಡಬಾರದೆಂದು ಚಿಕ್ಕಂದಿನಲ್ಲಿಯೇ ಹೇಳಿಕೊಟ್ಟಿದ್ದರು. ಆದುದರಿಂದ ಗೋಡೆಯಾಚೆಯ ಧ್ವನಿಯು ಅವರಿಗೆ ಸಂತೆಯ ಗದ್ದಲದಂತೆ ಕಿವಿಯ ಹೊರಗೇ ಉಳಿಯಿತು.

1936ರಲ್ಲಿ ಇಬ್ಬರೂ ನಿವೃತ್ತರಾದರು. ಮರುವರ್ಷ ಶಾಸ್ತ್ರಿಗಳು ತಾವಾಗಿಯೇ ಮುನ್ಶಿಗಳ ಮನೆಯ ಮೆಟ್ಟಿಲು ಹತ್ತಬೇಕಾದ ಪ್ರಸಂಗ ಒದಗಿತು.

ಅವರ ಮನೆಯ ದೇವರ ಪೆಟ್ಟಿಗೆಯಲ್ಲಿ, ಕೆಂಪು ರೇಶಿಮೆಯ ಬಟ್ಟೆಯಲ್ಲಿ ಸುತ್ತಿದ ಒಂದು ಹಳೆಯ ಕಾಗದವಿದ್ದಿತು. ಆದಿಲಶಾಹಿ ಸುಲ್ತಾನನು ವಂಶದ ಮೂಲಪುರುಷನ ವಿದ್ವತ್ತಿಗೆ ಮೆಚ್ಚಿ ಬಾವಿಯ ಹೊಲವನ್ನು ಕೊಟ್ಟ ಸನದು ಇದು ಎಂದು ಮನೆಯ ಹಿರಿಯರು ಹೇಳುತ್ತ ಬಂದಿದ್ದರು. ಮಹಾನವಮಿಯಲ್ಲಿ ಪುಸ್ತಕಗಳೊಡನೆ ಅದಕ್ಕೂ ಗಂಧಾಕ್ಷತೆ ಸಲ್ಲುತ್ತಿದ್ದಿತು. ಓದಿದವರು ಮಾತ್ರ ಯಾರೂ ಇಲ್ಲ. ಮೂಲಪುರುಷನ ತಮ್ಮನ ಸಂತತಿಯವರು ಅದೇ ಊರಿನಲ್ಲಿಯೇ ಇದ್ದು, ಆ ಹೊಲದಲ್ಲಿ ತಮಗೂ ಅರ್ಧ ಪಾಲುಂಟೆಂದು ಮೂರು ತಲೆಮಾರುಗಳಿಂದ ಹೇಳುತ್ತಲಿದ್ದರು. “ಸುಲ್ತಾನರು ಕೊಟ್ಟದ್ದು ಅಣ್ಣನಿಗೆ, ಸನದು ನಮ್ಮಲ್ಲಿದೆ” ಎಂಬುದು ಶಾಸ್ತ್ರಿಗಳ ಮನೆಯವರ ಉತ್ತರ. ಇದರಿಂದ ಎರಡು ಮನೆಗಳಲ್ಲಿ ಊಟವಿಲ್ಲ, ನೀರಿಲ್ಲ. ಮದುವೆ ಮುಂಜಿವೆಗಳಿಗೆ ಕರೆಯಿಲ್ಲ. ಆ ಕಾಗದವನ್ನು ಒಮ್ಮೆ ಓದಿಸಿ, ಅನುವಾದವನ್ನು ಮಾಡಿಸಿ ಇಟ್ಟರೆ ಮಕ್ಕಳ ಕಾಲಕ್ಕೆ ತಂಟೆ ತೀರುವುದೆಂದು ಶಾಸ್ತ್ರಿಗಳು ಎಣಿಸಿದರು.

ಮುನ್ಶಿಗಳು ಕಾಗದವನ್ನು ಕೈಯಲ್ಲಿ ಹಿಡಿದು, ಬೆರಳುಗಳಿಂದ ಸವರಿ, ತಿರುಗಿ ಕೊಟ್ಟರು.

“ಶಾಸ್ತ್ರಿಗಳ, ನನ್ನ ಕಣ್ಣಿಗೆ ಪರಿ ಬಂದದ. ಬೆಳಕು ಕಾಣತದ, ಅಕ್ಷರ ಕಾಣೂದಿಲ್ಲ. ನೀವು ಓದ್ರಿ, ನಾ ಅರ್ಥ ಹೇಳತೇನಿ.”

“ನನಗ ಈ ಲಿಪಿ ಬರೂದಿಲ್ಲಲ್ರೀ, ಮುನ್ಶಿ ಸಾಹೇಬ್ರ.”

“ಹಂಗಾದ್ರ ಕಲೀರಿ. ನಿಮ್ಮಂಥಾವ್ರಿಗೆ ವ್ಯಾಕರಣ ಹೇಳೂದು ನನಗೂ ಒಂದು ಸಂತೋಷ. ಇತ್ತಿತ್ತಲಾಗಿ ಇದನ್ನ ಕೇಳಾವ್ರು ಯಾರದಾರ?”

ಹೀಗೆ ಅರುವತ್ತು ತುಂಬಿದ ಮೇಲೆ ಶಾಸ್ತ್ರಿಗಳ ಅಕ್ಷರಾಭ್ಯಾಸವು ಮತ್ತೊಮ್ಮೆ ಆರಂಭವಾಯಿತು. ಲಿಪಿಗೆ ನಾಲ್ಕು ತಿಂಗಳು ಹಿಡಿಯಿತು. ಆ ಬಳಿಕ ಮುನ್ಶಿಗಳು ಮೊದಲು ಕಲಿಸಿದುದು ಪ್ರತ್ಯಯಗಳನ್ನು. “ಇವು ನಿಮ್ಮ ಮನೀ ಮಾತಿನ್ಯಾಗs ಅದಾವ, ಹೊಸಾವಲ್ಲ” ಎಂದು ಅವರು ತೊಡಗಿದರು. ಶಿರಸ್ತೇದಾರ, ಜಮೀನ್ದಾರ, ಠಾಣೇದಾರ ಎಂಬಲ್ಲಿ ಕೊನೆಯ ‘ದಾರ್’ ಎಂಬುದು ‘ಹಿಡಿ, ಇರಿಸಿಕೊ’ ಎಂಬರ್ಥದ ಧಾತು. ಅದು ಬೇರೊಂದು ನಾಮದ ಬೆನ್ನಿಗೆ ಬಂದು ‘ಉಳ್ಳವನು’ ಎಂಬ ಅರ್ಥವನ್ನು ಕೊಡುತ್ತದೆ. ಕೇಳಿದೊಡನೆ ಶಾಸ್ತ್ರಿಗಳು ತಲೆಯೆತ್ತಿದರು. ಧೃಞ್ ಧಾತುವಿನಿಂದ ‘ಧರ’, ‘ಧಾರ’ ಎಂಬ ಉತ್ತರಪದಗಳು ಬರುವ ಬಗೆಯು ಇದೇ ಅಲ್ಲವೇ? ಸೂತ್ರಧಾರನಿಗೂ ಶಿರಸ್ತೇದಾರನಿಗೂ ಸಂಬಂಧವು ಇನ್ನೂ ಸಮೀಪದ್ದಾಗಿದ್ದಿತು. ‘ಸರ್’ ಎಂದರೆ ತಲೆ. ಅದು ಸಂಸ್ಕೃತದ ಶಿರಸ್ಸಿನ ದಾಯಾದಿ. ‘ರಿಶ್ತಾ’ ಎಂದರೆ ನೂಲು. ನೂಲಿನ ತುದಿಯನ್ನು ಹಿಡಿದವನೇ ಶಿರಸ್ತೇದಾರನು.

ಅತ್ತರುದಾನಿ, ಪೀಕದಾನಿಗಳಲ್ಲಿರುವ ‘ದಾನ್’ ಎಂಬುದು ರಾಜಧಾನಿಯಲ್ಲಿರುವ ‘ಧಾನೀ’ ಶಬ್ದದ ಬಳಗದ್ದು. ಎರಡಕ್ಕೂ ‘ಇಡುವ ಸ್ಥಳ’ವೇ ಅರ್ಥ. ಗುಲಿಸ್ತಾನದ ‘ಸ್ತಾನ್’ ಎಂಬುದು ಸ್ಥಾನ. ‘ದಾನಿಶ್‌ಮಂದ್’ ಎಂಬ ಪದದ ‘ಮಂದ್’ ಎಂಬುದು ‘ಧೀಮಂತ’ದ ‘ಮಂತ’. ತೋಟವನ್ನು ಕಾಯುವ ಬಾಗವಾನನ ಕೊನೆಯ ಭಾಗದಲ್ಲಿ ‘ಪಾ ರಕ್ಷಣೇ’ ಧಾತುವು ಅಡಗಿದೆ. ‘ಜರ್’ ಎಂದರೆ ಚಿನ್ನ. ‘ಜರ್‌ಗರ್’ ಎಂಬ ಅಕ್ಕಸಾಲೆಯ ‘ಗರ್’, ಸ್ವರ್ಣಕಾರನ ‘ಕಾರ’ದ ಸೋದರ. ಬಳೆಗಾರ, ಹಾಡುಗಾರರ ‘ಗಾರ’ವು ಮಾತ್ರ ಫಾರಸಿಯಿಂದ ಬಂದುದಲ್ಲ, ಸಂಸ್ಕೃತದ ‘ಕಾರ’ದಿಂದಲೇ ಕನ್ನಡಕ್ಕೆ ಇಳಿದುದು. ಒಂದೇ ಹೊಳೆಯ ನೀರು ಎರಡು ಕಾಲುವೆಗಳಿಂದ ಬಂದಿತು.

ಶಾಸ್ತ್ರಿಗಳ ಉತ್ಸಾಹವು ಅತಿಯಾದಾಗ ಮುನ್ಶಿಗಳು ಲಗಾಮು ಹಿಡಿಯುತ್ತಿದ್ದರು. ತಹಸೀಲು, ಅಮಲು, ಹವಾಲೆ ಇವು ಅರಬೀ ಶಬ್ದಗಳು. ಇವುಗಳಿಗೂ ಸಂಸ್ಕೃತಕ್ಕೂ ಯಾವ ನಂಟೂ ಇಲ್ಲ. ಲಿಪಿ ಒಂದೆಂಬ ಮಾತ್ರಕ್ಕೆ ಭಾಷೆ ಒಂದಾಗದು. ಅರಬಿಯ ‘ತಹಸೀಲಿ’ಗೆ ಫಾರಸಿಯ ‘ದಾರ್’ ಹತ್ತಿ ತಹಸೀಲ್ದಾರನಾದನು. ಅದೇ ‘ದಾರ್’ ಕನ್ನಡದ ಗುತ್ತಿಗೆಗೆ ಹತ್ತಿ ಗುತ್ತಿಗೆದಾರನಾದನು, ಪಾಲಿಗೆ ಹತ್ತಿ ಪಾಲುದಾರನಾದನು. ಪಾಲುದಾರನೆಂಬ ಶಬ್ದವು ಕಿವಿಗೆ ಬಿದ್ದಾಗ ಶಾಸ್ತ್ರಿಗಳಿಗೆ ಬಾವಿಯ ಹೊಲದ ನೆನಪಾಗಿ, ಆ ದಿನದ ಪಾಠವನ್ನು ಅಷ್ಟಕ್ಕೇ ಮುಗಿಸಿ ಎದ್ದರು.

ಮುಂದೆ ಕ್ರಿಯಾಪದಗಳು ಬಂದವು. ಗೋಡೆಯಾಚೆ ಇಪ್ಪತ್ತಾರು ವರ್ಷ ಕೇಳಿದ ಗದ್ದಲವು ಆಗ ಒಂದೊಂದಾಗಿ ಬಿಡಿಸಿಕೊಳ್ಳತೊಡಗಿತು. ‘ಬರಮ್, ಬರೀ, ಬರದ್, ಬರೀಮ್, ಬರೀದ್, ಬರಂದ್.’ ಭರಾಮಿಯಲ್ಲಿರುವ ಮಕಾರವು ಬರಮ್ ಎಂಬಲ್ಲಿ ನಿಂತಿದೆ. ಭರತಿಯ ತಕಾರವು ಮೆತ್ತಗಾಗಿ ದಕಾರವಾಗಿದೆ. ಭರಂತಿಯು ಬರಂದ್ ಆಗಿದೆ. ದ್ವಿವಚನವಿಲ್ಲ, ಮೂರು ಲಿಂಗಗಳಿಲ್ಲ, ಏಳು ವಿಭಕ್ತಿಗಳೂ ಉದುರಿಹೋಗಿವೆ. ಆದರೂ ಪುರುಷ ಪ್ರತ್ಯಯಗಳು ಎರಡೂವರೆ ಸಾವಿರ ವರ್ಷಗಳ ಪ್ರಯಾಣದಲ್ಲಿ ಗುರುತು ಉಳಿಸಿಕೊಂಡಿವೆ. ‘ಅಸ್ತ್’ ಎಂದರೆ ‘ಅಸ್ತಿ’. ‘ಮಕುನ್’ ಎಂದರೆ ‘ಮಾಡಬೇಡ’. ಅದರ ಆರಂಭದ ಮಕಾರವು ನಿಷೇಧಾರ್ಥದ ‘ಮಾ’ ಎಂಬ ಅವ್ಯಯವೇ.

ಫಾರಸಿಯಲ್ಲಿ ಪ್ರತಿಯೊಂದು ಧಾತುವಿಗೂ ಎರಡು ಮೈಗಳು: ವರ್ತಮಾನಕ್ಕೊಂದು, ಭೂತಕ್ಕೊಂದು. ಹುಡುಗರು ಇವನ್ನು ಜೋಡಿ ಜೋಡಿಯಾಗಿ ಬಾಯಿಪಾಠ ಮಾಡಬೇಕು. ಕಾರಣವೇನೆಂದು ಅವರು ಕೇಳಿದರೆ ಹಾಗೆಯೇ ಎಂದು ಹೇಳುವುದು ರೂಢಿ. ಶಾಸ್ತ್ರಿಗಳಿಗೆ ಕಾರಣವು ತಾನಾಗಿ ಕಂಡಿತು. ‘ಬುರ್ದ್’ ಎಂದರೆ ‘ಭೃತ’. ‘ಮುರ್ದ್’ ಎಂದರೆ ‘ಮೃತ’. ‘ಕರ್ದ್’ ಎಂದರೆ ‘ಕೃತ’. ‘ತಾಫ್ತ್’ ಎಂಬುದು ‘ತಪ್ತ’ದ ಬಳಗ. ಭೂತಕಾಲದ ಮೈಯೆಂಬುದು ಬೇರೇನೂ ಅಲ್ಲ, ಹಳೆಯ ಕ್ತ ಪ್ರತ್ಯಯಾಂತ. ವರ್ತಮಾನದ ಮೈಯಾದರೋ ಧಾತುವಿನ ವಿಕರಣಸಹಿತವಾದ ರೂಪ. ‘ಕುನದ್’ ಎಂಬಲ್ಲಿ ವೇದದ ‘ಕೃಣೋತಿ’ ಕೇಳಿಸುತ್ತದೆ. ‘ರಫ್ತ್’, ಅಂದರೆ ‘ಹೋದನು’ ಎಂಬ ಪದಕ್ಕೆ ಪುರುಷ ಪ್ರತ್ಯಯವೇ ಇಲ್ಲದಿರುವುದು ಮುನ್ಶಿಗಳ ಶಿಷ್ಯರಿಗೆ ಯಾವಾಗಲೂ ಒಂದು ಒಗಟಾಗಿದ್ದಿತು. “ಅದು ‘ಗತಃ’ ಇದ್ದಂಗ, ಮುನ್ಶಿ ಸಾಹೇಬ್ರ; ‘ಗತಃ’ ಅಂದ್ರ ಸಾಕು, ತಿಙಂತ ಬ್ಯಾಡ. ‘ರಫ್ತಮ್’ ಅಂದ್ರ ‘ಗತೋಽಸ್ಮಿ’” ಎಂದು ಶಾಸ್ತ್ರಿಗಳು ಹೇಳಿದಾಗ ಮುನ್ಶಿಗಳು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಗ್ವಾಡಿಗೆ ಒಂದು ಕಿಂಡಿ ಇದ್ದಿದ್ರ ಛಲೋ ಆಗತಿತ್ತು” ಎಂದರು.

ಇಂಥ ಕಿಂಡಿಯನ್ನು ಕೊರೆದವರು ಹಿಂದೆಯೂ ಇದ್ದರು. ಅಕ್ಬರ ಬಾದಶಹನ ಕಾಲದಲ್ಲಿ ವಿಹಾರಿ ಕೃಷ್ಣದಾಸನೆಂಬವನು ‘ಪಾರಸೀಪ್ರಕಾಶ’ವೆಂಬ ಗ್ರಂಥದಲ್ಲಿ ಫಾರಸಿಗೆ ಸಂಸ್ಕೃತ ಸೂತ್ರಗಳಿಂದಲೇ ವ್ಯಾಕರಣವನ್ನು ಕಟ್ಟಿ, ಕಾರಕ, ಸಮಾಸ, ತದ್ಧಿತ, ಆಖ್ಯಾತಗಳೆಂದು ಪ್ರಕರಣಗಳನ್ನು ಮಾಡಿದನು. ಮುಂದೆ ಶಿವಾಜಿ ಮಹಾರಾಜರ ಅಪ್ಪಣೆಯಂತೆ ರಚಿತವಾದ ‘ರಾಜವ್ಯವಹಾರಕೋಶ’ವು ಆಡಳಿತದ ಫಾರಸಿ ಶಬ್ದಗಳ ಸ್ಥಾನದಲ್ಲಿ ಸಂಸ್ಕೃತ ಶಬ್ದಗಳನ್ನು ತಂದು ನಿಲ್ಲಿಸಿತು. ಒಬ್ಬರದು ಅರಿಯುವ ಮಾರ್ಗ, ಇನ್ನೊಬ್ಬರದು ಬದಲಿಸುವ ಮಾರ್ಗ. ಎರಡಕ್ಕೂ ಆ ಭಾಷೆಯನ್ನು ಚೆನ್ನಾಗಿ ಬಲ್ಲವರೇ ಬೇಕಾದರು. ಕಿವಿ ಮುಚ್ಚಿಕೊಂಡವರಿಂದ ಎರಡೂ ಆಗುವಂತಿರಲಿಲ್ಲ.

1939ರ ಮಾಘದ ಹೊತ್ತಿಗೆ ಶಾಸ್ತ್ರಿಗಳು ಮನೆಯ ಕಾಗದವನ್ನು ಓದಲು ಸಮರ್ಥರಾದರು. ಅದು ಶಿಕಸ್ತಾ ಎಂಬ ಮುರಿದ ಬರವಣಿಗೆ. ಚುಕ್ಕೆಗಳು ಬಿಟ್ಟುಹೋಗಿ, ಬೇರೆಯಾಗಿರಬೇಕಾದ ಅಕ್ಷರಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಮೇಲೆ ಕಾಜಿಯ ಮೊಹರು. ಕೆಳಗೆ ಮೋಡಿಯ ಎರಡು ಸಾಲುಗಳಿದ್ದುವಾದರೂ ಹುಳು ತಿಂದು ಜಾಲರಿಯಾಗಿದ್ದಿತು. ಮೊದಲು ತಿಳಿದುದು ವರ್ಷ: ಹಿಜರಿ 1121, ಎಂದರೆ ಕ್ರಿಸ್ತಶಕ 1709ರ ಸುಮಾರು. ಆದಿಲಶಾಹಿಯು 1686ರಲ್ಲಿಯೇ ಔರಂಗಜೇಬನ ಕೈಸೇರಿ ಮುಗಿದುಹೋಗಿದ್ದಿತು. ಸುಲ್ತಾನನೇ ಇಲ್ಲದ ಮೇಲೆ ಸುಲ್ತಾನನ ಸನದು ಎಲ್ಲಿಯದು? ಶಾಸ್ತ್ರಿಗಳ ಎದೆಯಲ್ಲಿ ಏನೋ ಅಲುಗಿತು. ಆದರೂ ಬಾದಶಹನ ಅಧಿಕಾರಿಗಳು ಕೊಟ್ಟಿರಬಹುದೆಂದು ಮುಂದೆ ಓದಿದರು.

ಮುಖ್ಯ ವಾಕ್ಯದಲ್ಲಿ ‘ನಿಸ್ಫೆ ಜಮೀನ್’ ಎಂದಿದ್ದಿತು. ಹೊಲದ ಅರ್ಧವೆಂದು ಅರ್ಥ. ಅದರ ಮುಂದೆ ‘ಬರಾದರೆ ಖುರ್ದ್ ರಾ’. ಎರಡು ಪದಗಳನ್ನು ಬೆಸೆಯುವ ಎಕಾರಕ್ಕೆ ಇಜಾಫತ್ ಎಂದು ಹೆಸರು. ಅದನ್ನು ಬರೆಯುವ ವಾಡಿಕೆಯಿಲ್ಲ, ಓದುವವನು ಸೇರಿಸಿಕೊಳ್ಳಬೇಕು. ಬರಾದರನು ಭ್ರಾತೃ; ಖುರ್ದ್ ಎಂದರೆ ಚಿಕ್ಕವನು. ಕೊನೆಯ ‘ರಾ’ ಎಂಬುದು ಇಲ್ಲಿ ಕನ್ನಡದ ‘ಗೆ’ ಎಂಬ ಚತುರ್ಥಿಯಂತೆ. ಕೊಟ್ಟುದು ಯಾರಿಗೆಂಬುದನ್ನು ಅದು ಹೇಳುತ್ತದೆ. ಹೊಲದ ಅರ್ಧವನ್ನು ಚಿಕ್ಕ ಸೋದರನಿಗೆ ಎಂದಾಯಿತು. ಉಳಿದುದು ಕ್ರಿಯಾಪದ. ಅದು ‘ನಿವಿಶ್ತಾ ದಾದ್’ ಎಂದು ಆರಂಭವಾಗಿದ್ದಿತು. ‘ಬರೆದು ಕೊಟ್ಟ’ ಎಂಬ ಈ ದೇಶದ ನುಡಿಗಟ್ಟಿಗೆ ಫಾರಸಿಯ ಉಡುಪು. ಕೊನೆಗೊಂದು ಸಣ್ಣ ಗೀಟು.

ಆ ಗೀಟಿನಲ್ಲಿ ಎಲ್ಲವೂ ಇದ್ದಿತು. ‘ದಾದಂದ್’ ಎಂದಾದರೆ ‘ಕೊಟ್ಟರು’. ಆಗ ಅಧಿಕಾರಿಗಳು ಯಾರೋ ಕೊಟ್ಟರೆಂದಾಗುವುದು; ಯಾವ ಅಧಿಕಾರದಿಂದ, ಯಾವ ಸೋದರನಿಗೆ ಎಂದು ವಾದ ಬೆಳೆಸಲು ಎಡೆಯುಳಿಯುವುದು. ‘ದಾದಮ್’ ಎಂದಾದರೆ ‘ಕೊಟ್ಟೆನು’. ಆಗ ಕಾಗದವು ಸನದಲ್ಲ. ಮೂಲಪುರುಷನೇ ಸ್ವಂತ ಇಚ್ಛೆಯಿಂದ ತಮ್ಮನಿಗೆ ಬರೆದುಕೊಟ್ಟ ಪತ್ರ. ಅದು ಹೇಗೋ ಅಣ್ಣನ ಮನೆಯಲ್ಲಿಯೇ ಉಳಿದು, ತಮ್ಮನ ಮಕ್ಕಳಿಗೆ ವಿರುದ್ಧವಾಗಿಯೇ ಪೂಜೆಗೊಂಡಿತು.

ಶಾಸ್ತ್ರಿಗಳ ಬಾಯಿಯಿಂದ ಮೊದಲು ಬಂದುದು ‘ದಾದಂದ್’ ಎಂಬುದೇ.

ಮುನ್ಶಿಗಳು ಕಣ್ಣು ಮುಚ್ಚಿಕೊಂಡೇ ಕೇಳಿದರು: “ಕಡೀ ಅಕ್ಷರ ಎಡಕ್ಕ ಹೊಳ್ಳೇದನೋ, ಕೆಳಗ ಇಳದದನೋ?”

ಆ ಕೋಣೆಯಲ್ಲಿ ಅಕ್ಷರವನ್ನು ಕಾಣಬಲ್ಲ ಕಣ್ಣುಗಳು ಎರಡೇ ಇದ್ದವು. ಎಡಕ್ಕೆ ಹೊರಳಿದೆ ಎಂದರೆ ಅಲ್ಲವೆನ್ನುವವರು ಯಾರೂ ಇರಲಿಲ್ಲ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಶಾಸ್ತ್ರಿಗಳು ಮತ್ತೆ ನೋಡಿದರು. ಗೀಟು ದಕಾರದ ಪಕ್ಕದಲ್ಲಿ ಒಂದು ಸಣ್ಣ ಗಂಟಾಗಿ, ನೇರವಾಗಿ ಕೆಳಕ್ಕೆ ಇಳಿದಿದ್ದಿತು.

“ಕೆಳಗ ಇಳದದರಿ” ಎಂದರು.

“ಹಂಗಾದ್ರ ಅದು ಮೀಮ್” ಎಂದರು ಮುನ್ಶಿಗಳು. ಬೇರೆ ಮಾತನ್ನು ಆಡಲಿಲ್ಲ.

ಪಶ್ಚಿಮ ಇರಾಣದ ಬೇಹಿಸ್ತೂನದ ಬಂಡೆಯ ಮೇಲೆ ದಾರಯವುಶನು ಕ್ರಿಸ್ತಪೂರ್ವ ಆರನೆಯ ಶತಮಾನದ ಕೊನೆಯಲ್ಲಿ ಕೊರೆಯಿಸಿದ ಶಾಸನವುಂಟು. ಅದರ ಹಳೆಯ ಪಾರಸೀಕ ಭಾಷೆಯಲ್ಲಿ ‘ಮನಾ ಕರ್ತಮ್’ ಎಂಬ ಪ್ರಯೋಗವು ಬರುತ್ತದೆ; ಸಂಸ್ಕೃತದ ‘ಮಯಾ ಕೃತಮ್’ ಎಂಬ ಕರ್ಮಣಿ ಪ್ರಯೋಗದ ಮಾದರಿ. ಅಂದು ಕರ್ತೃವು ಬೇರೆ ನಿಂತಿದ್ದನು, ಕ್ರಿಯೆಯು ಬೇರೆ ನಿಂತಿದ್ದಿತು. ಶತಮಾನಗಳು ಕಳೆದಂತೆ ಫಾರಸಿಯು ಕರ್ತೃವನ್ನು ತಂದು ಕ್ರಿಯೆಯ ಕೊನೆಗೇ ಅಂಟಿಸಿತು. ಸಂಸ್ಕೃತದಲ್ಲಿ ‘ದತ್ತಮ್’ ಎಂದಷ್ಟೇ ಬರೆದು ‘ಮಯಾ’ ಎಂಬುದನ್ನು ಬಿಟ್ಟರೆ, ಕೊಟ್ಟವನು ಯಾರೆಂದು ಮುಂದಿನವರು ಜಗಳವಾಡಬಹುದು. ‘ದಾದಮ್’ ಎಂಬಲ್ಲಿ ಮಕಾರವನ್ನು ಬಿಡುವಂತಿಲ್ಲ. ತಮ್ಮ ಪಾಠಶಾಲೆಯ ವ್ಯಾಕರಣವನ್ನು ಮೊದಲಿನಿಂದ ಕೊನೆಯವರೆಗೆ ಬಲ್ಲ ಶಾಸ್ತ್ರಿಗಳಿಗೆ ಆ ರಾತ್ರಿ ಆ ಒಂದು ಮಕಾರವು ನಿದ್ರೆಯನ್ನು ಕೊಡಲಿಲ್ಲ.

ಮನೆಯಲ್ಲಿ ಹೇಳಿದಾಗ ಹಿರಿಯ ಮಗನು ವಕೀಲರನ್ನು ಕೇಳಿಬಂದು, ಇನ್ನೂರು ವರ್ಷಗಳ ಹಿಂದಿನ ಮಾತು ಇದು, ಕಾಯಿದೆಯ ಮುಂದೆ ನಿಲ್ಲುವುದಿಲ್ಲ, ವಹಿವಾಟು ತಮ್ಮ ಕಡೆಗಿದೆ ಎಂದನು. ಕಾಯಿದೆಯ ಮಾತು ಸರಿಯೇ ಇರಬಹುದೆಂದು ಶಾಸ್ತ್ರಿಗಳೂ ಒಪ್ಪಿದರು. ಆದರೆ ಮೂರು ತಲೆಮಾರಿನವರೆಗೆ ತಮ್ಮ ಮನೆಯವರು ಆಶ್ರಯಿಸಿದುದು ಕಾಯಿದೆಯನ್ನಲ್ಲ, ಆ ಕಾಗದವನ್ನು. ಮಾತಿಗೆ ಮೊದಲು ಅದನ್ನೇ ತೋರಿಸಿದವರು ಈಗ ಅದರ ಮಾತನ್ನು ಕೇಳದಿರುವುದು ಹೇಗೆ?

ಮೂರನೆಯ ದಿನ ಅವರು ಕೆಂಪು ಬಟ್ಟೆಯ ಗಂಟನ್ನು ಹಿಡಿದುಕೊಂಡು ದಾಯಾದಿಗಳ ಅಂಗಳದಲ್ಲಿ ನಿಂತರು. ಆ ಮನೆಗೆ ಹಿರಿಯಳಾಗಿ ಒಬ್ಬ ವೃದ್ಧೆಯಿದ್ದಳು. ಶಾಸ್ತ್ರಿಗಳು ಕಾಗದವನ್ನು ಫಾರಸಿಯಲ್ಲಿ ಓದಿ, ಪದಪದಕ್ಕೆ ಕನ್ನಡದ ಅರ್ಥವನ್ನು ಹೇಳಿದರು. ಕೇಳಿ ಮುಗಿದ ಮೇಲೆ ಆಕೆ, “ಇಷ್ಟು ವರ್ಷ ನೀವು ಪೂಜಾ ಮಾಡಿದ್ದು ಇದಕ್ಕs ಏನಪಾ?” ಎಂದು ಕೇಳಿದಳು. ಶಾಸ್ತ್ರಿಗಳು ಹೌದೆಂದರು. ಆಕೆ ಒಳಗೆ ಹೋಗಿ ಒಂದು ತಂಬಿಗೆ ನೀರು, ಒಂದು ಬಟ್ಟಲಲ್ಲಿ ಬೆಲ್ಲ ತಂದಿಟ್ಟಳು. ಆ ವರ್ಷದ ಸುಗ್ಗಿಗೆ ಮೊದಲೇ ಹೊಲದ ನಡುವೆ ಒಡ್ಡು ಬಿದ್ದು, ಉತಾರದಲ್ಲಿ ಎರಡನೆಯ ಹೆಸರು ದಾಖಲಾಯಿತು. ಹಿರಿಯ ಮಗನು ತಂದೆಯೊಡನೆ ಕೆಲವು ತಿಂಗಳು ಮಾತನಾಡಲಿಲ್ಲ.

ಪಾಠಗಳು ಅಲ್ಲಿಗೆ ನಿಲ್ಲಲಿಲ್ಲ. ಕಾಗದವು ನೆಪಮಾತ್ರವಾಗಿ ಹಿಂದುಳಿಯಿತು. ಮುನ್ಶಿಗಳು ಭೂತಕಾಲದ ಭೇದಗಳನ್ನು ಹೇಳಿದರು. ‘ರಫ್ತ್’ ಎಂದರೆ ಬರಿದೇ ‘ಹೋದನು’. ಇದು ಮಾಜೀ ಮುತ್ಲಕ್, ಕೇವಲ ಭೂತ. ‘ರಫ್ತಾ ಬೂದ್’ ಎಂದರೆ ‘ಹೋಗಿದ್ದನು’. ಇದು ಮಾಜೀ ಬಈದ್, ದೂರದ ಭೂತ. ‘ರಫ್ತಾ ಅಸ್ತ್’ ಎಂದರೆ ‘ಹೋಗಿದ್ದಾನೆ’. ಇದು ಮಾಜೀ ಕರೀಬ್, ಸಮೀಪದ ಭೂತ. ಸಂಸ್ಕೃತವು ಭೂತವನ್ನು ಇಂದಿನದು, ಇಂದಿನದಲ್ಲದ್ದು, ಕಣ್ಣಿಗೆ ಕಾಣದ್ದು ಎಂದು ವಿಂಗಡಿಸುತ್ತದೆ. ಫಾರಸಿಯು ಕೇವಲ, ಸಮೀಪ, ದೂರ ಎಂದು ವಿಂಗಡಿಸುತ್ತದೆ. ಇವುಗಳಲ್ಲಿ ಯಾವುದು ಮೇಲು ಎಂದು ಇಬ್ಬರೂ ಒಂದು ಮಳೆಗಾಲವೆಲ್ಲ ವಾದಿಸಿದರು, ವಾದವು ತೀರಲಿಲ್ಲ.

1941ರ ಚಳಿಗಾಲದಲ್ಲಿ ಮುನ್ಶಿಗಳು ತೀರಿಕೊಂಡರು. ಮಣ್ಣಿಗೆ ಹೋಗಿಬಂದ ಶಾಸ್ತ್ರಿಗಳು ಸ್ನಾನ ಮಾಡಿ, ತಮ್ಮ ಪಾಠದ ವಹಿಯನ್ನು ತೆಗೆದು, ಆ ದಿನದ ತಾರೀಖಿನ ಕೆಳಗೆ ಬಲದಿಂದ ಎಡಕ್ಕೆ ಒಂದೇ ಒಂದು ವಾಕ್ಯವನ್ನು ಬರೆದರು. ಕ್ರಿಯಾಪದವನ್ನು ಮೊದಲು ‘ರಫ್ತ್’ ಎಂದು ಬರೆದು ಹೊಡೆದುಹಾಕಿದ್ದರು. ಅದರ ಮುಂದೆ ಸ್ಫುಟವಾಗಿ ‘ರಫ್ತಾ ಅಸ್ತ್’ ಎಂದಿದ್ದಿತು.